ನಿರೆಲಾ ರಾಣಿಯ ಮರುಮದುವೆ

ಮಾವ,

ಮೊನ್ನೆ ಭಾನುವಾರ ಇಮ್ರಾನ್ ಅಂಗಡಿಯ ಮಹಡಿ ಮೇಲೆ ಧಾರಾವಾಹಿ ಹೆಚ್ಚೋ ಅದರ ಮೂಲ ಪುಸ್ತಕ ಹೆಚ್ಚೋ ಎಂದು ಮತ್ತೆ ಜೋರು ವಾದ ನಡೆಯಿತು. ನಿಮಗೆ ಮೊದಲ ಸಲ ‘ಮೂರು ನದಿಗಳ ರಾಜ್ಯ’ ಧಾರಾವಾಹಿ ಹಾಕಿಕೊಟ್ಟ ಆ ಮೊಬೈಲ್ ಅಂಗಡಿ ಇಮ್ರಾನ್ ಈಗ ಪುಸ್ತಕದವರ ಪಕ್ಷ ಸೇರಿದ್ದಾನೆ ಎಂದರೆ ನಂಬುತ್ತೀರಾ? ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೊದಲ ಸಂಪುಟ ಓದಲು ಅವನಿಗೆ ಇಡೀ ಮಳೆಗಾಲ ಬೇಕಾಯಿತು. ಮುಗಿಸಿದ ದಿನದಿಂದ ಧಾರಾವಾಹಿ ಮಾಡಿದವರನ್ನು ಬೈಯುವುದೇ ಅವನ ಕೆಲಸ. “ಮೇಡಂ, ಅಜ್ಜಾರು ಅವತ್ತು ಹೇಳಿದ್ದೇ ಖರೇ ನೋಡ್ರಿ” ಎಂದ. ನೀವಿದ್ದಿದ್ದರೆ ಮೀಸೆಯೊಳಗೇ ನಕ್ಕು...

ಆ ಧಾರಾವಾಹಿ ನಮ್ಮ ಮನೆಗೆ ಬಂದ ದಿನ ನೆನಪಿದೆಯಾ? ನಿಮ್ಮ ಮಗ ಬೈಕ್ ಅಪಘಾತದಲ್ಲಿ ಹೋದ ಮೇಲೆ ವರ್ಷದವರೆಗೆ ನಾವು ಟಿವಿ ಹಚ್ಚಿರಲಿಲ್ಲ. ನೀವು, ಅತ್ತೆ, ನಾನು, ಮೂವರೂ ಒಂದೊಂದು ಕೋಣೆಯಲ್ಲಿ. ಕೊನೆಗೆ ನೀವೇ ಇಮ್ರಾನನನ್ನು ಕರೆತಂದು ಟಿವಿ ಸರಿಮಾಡಿಸಿದಿರಿ. ಪರೀಕ್ಷೆ ಮಾಡಲೆಂದು ಅವನು ಇಂಗ್ಲಿಷಿನಿಂದ ಕನ್ನಡಕ್ಕೆ ಡಬ್ ಆಗಿದ್ದ ಆ ಧಾರಾವಾಹಿ ಹಚ್ಚಿದ. ನದಿಯೊಳಗಿಂದ ರೆಕ್ಕೆಯ ಸರ್ಪ ಎದ್ದಿತು. ಅತ್ತೆ “ಇದೇನು ಹಾವೋ ಹಡಗೋ” ಎಂದು ಒಳಗೆ ಹೋದರು. ನೀವು ಮಾತ್ರ ಕುರ್ಚಿ ಮುಂದಕ್ಕೆಳೆದುಕೊಂಡು, “ಅಲ್ಲ, ಇಷ್ಟು ಸೈನ್ಯಕ್ಕೆ ಅನ್ನ ಎಲ್ಲಿಂದ ಬರ್ತೈತೆ? ಒಂದು ಗದ್ದೆನೂ ಕಾಣಂಗಿಲ್ಲ!” ಎಂದಿರಿ. ಅಂಜನಾಪುರದ ಕಾಲುವೆ ನೀರನ್ನು ಗದ್ದೆಗಳಿಗೆ ಬಿಡುವ ಕೆಲಸದಲ್ಲೇ ನಿವೃತ್ತರಾದವರಿಗೆ ಬೇರೆ ಇನ್ನೇನು ಕಂಡೀತು? ನನಗೆ ನಗು ಬಂತು. ನನ್ನವರು ಹೋದ ಮೇಲೆ ಆ ಮನೆಯಲ್ಲಿ ನಾನು ನಕ್ಕಿದ್ದು ಅದೇ ಮೊದಲು. “ಮಾವ, ಪುಸ್ತಕದಲ್ಲಿ ಗದ್ದೆ ಇದಾವೆ” ಎಂದೆ. ನೀವು ತಿರುಗಿ ನೋಡಿದಿರಿ. “ಇದಕ್ಕೆ ಪುಸ್ತಕ ಬೇರೆ ಐತಾ?”

ಸಂಜೆ ನಾನು ಸೊರಬದ ಸ್ಕೂಲಿನಲ್ಲಿ ಪಾಠ ಮುಗಿಸಿ ಬಸ್ಸಿಳಿದು ಬರುವಷ್ಟರಲ್ಲಿ ನೀವು ಚಹಾ ಮಾಡಿಸಿ ಕಾಯುತ್ತಿದ್ದಿರಿ. ನಾನು ಇಂಗ್ಲಿಷಿನಲ್ಲಿ ಒಂದು ಪುಟ ಓದಿಕೊಂಡು ಕನ್ನಡದಲ್ಲಿ ಹೇಳಬೇಕು, ನೀವು ಪ್ರತಿ ಸಾಲಿಗೂ ತಕರಾರು ತೆಗೆಯಬೇಕು. ನಿರೆಲಾ ರಾಣಿ ನಿಮ್ಮ ಬಾಯಲ್ಲಿ ಎರಡನೇ ದಿನಕ್ಕೇ ನಿರ್ಮಲಾ ಆದಳು. ಧಾರಾವಾಹಿಯಲ್ಲಿ ಅವಳ ಸೇನಾಪತಿ ಒಳ್ಳೆಯವನು, ಪುಸ್ತಕದಲ್ಲಿ ಕಳ್ಳ. ಅದಕ್ಕಾಗಿ ನೀವು ಮೂರು ದಿನ ನನ್ನ ಜೊತೆ ವಾದ ಮಾಡಿದಿರಿ, ಆ ಪುಸ್ತಕ ನಾನೇ ಬರೆದವಳೇನೋ ಎಂಬಂತೆ!

ನಾಲ್ಕನೇ ಸಂಪುಟದ ಆ ಅಧ್ಯಾಯ ಬಂದ ಸಂಜೆ ನಾನು ತಲೆ ಎತ್ತದೆ ಓದಿದೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ನಿರೆಲಾ, ದೋಣಿ ಕಟ್ಟುವ ತೋರನ್‌ನನ್ನು ಮದುವೆಯಾಗುವ ಅಧ್ಯಾಯ ಅದು. ಬೇಗ ಬೇಗ ಹೇಳಿ ಪುಟ ಮಗುಚಿದೆ. ನೀವು, “ಅದನ್ನ ಇನ್ನೊಂದ್ಸಲ ಓದವ್ವ” ಎಂದಿರಿ. ಓದಿದೆ. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ತಟ್ಟುವ ಸದ್ದು ನಿಂತಿತ್ತು. ಅಂದು ಮಾತ್ರ ನೀವು ಒಂದೂ ತಕರಾರು ತೆಗೆಯಲಿಲ್ಲ.

ಕೊನೆಯ ಕಂತನ್ನು ಎಲ್ಲರೂ ಸೇರಿ ನೋಡಬೇಕೆಂದು ಇಮ್ರಾನ್ ಮಹಡಿ ಮೇಲೆ ಪರದೆ ಕಟ್ಟಿದ ಭಾನುವಾರ ಮಧ್ಯಾಹ್ನ ನೀವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟಿರಿ. ಅಲ್ಲಿದ್ದವರು ಹೆಚ್ಚಾಗಿ ನಿಮ್ಮ ಮೊಮ್ಮಕ್ಕಳ ವಯಸ್ಸಿನವರು. ಕಂತಿನಲ್ಲಿ ಮದುವೆಗೆ ಮೊದಲೇ ತೋರನ್ ಸತ್ತೇ ಹೋದ. ಬಿಳಿ ಬಟ್ಟೆಯುಟ್ಟ ರಾಣಿ ಸಿಂಹಾಸನದಲ್ಲಿ ಒಬ್ಬಳೇ ಕೂತಳು, ಕಹಳೆ ಮೊಳಗಿತು, ಮುಗಿಯಿತು. ಕಾಲೇಜಿನಲ್ಲಿ ಪಾಠ ಮಾಡುವ ಶಿವಕುಮಾರ್ ಎದ್ದು ನಿಂತರು.

“ಪುಸ್ತಕಕ್ಕಿಂತ ಇದೇ ಚೆನ್ನಾಗಿದೆ ಕಣ್ರೀ. ಒಂಟಿಯಾಗಿ ಉಳಿದಳಲ್ಲ, ಅದರಿಂದಲೇ ಆ ಪಾತ್ರಕ್ಕೊಂದು ಗೌರವ ಬಂತು.”

ಅರ್ಧ ಜನ ಚಪ್ಪಾಳೆ ತಟ್ಟಿದರು. ಉಳಿದವರು ಪುಸ್ತಕವನ್ನು ಹಾಳುಮಾಡಿದರೆಂದು ಕೂಗಾಡಿದರು. ನಾನು ಗೋಡೆ ಕಡೆ ಮುಖ ಮಾಡಿ ಕೂತಿದ್ದೆ. ಆಗ ನಿಮ್ಮ ದನಿ ಕೇಳಿತು.

“ಸ್ವಲ್ಪ ತಡೀರಿ ಸರ್. ಗೌರವ ಕೊಡೋ ಜನ ಎಲ್ಲ ಸಂಜಿಗೆ ತಮ್ಮ ತಮ್ಮ ಮನಿಗೆ ಹೋಗ್ತಾರೆ. ಆಮೇಲೆ ಆಕಿ ಯಾರ ಜೊತಿ ಕುಂತು ಉಣ್ಣಬೇಕು?”

“ಅದು ಕಥೆ ಅಜ್ಜಾರೇ...”

“ಕಥಿ ಅಂತಲೇ ಹೇಳಾಕತ್ತೀನಿ. ಬರೆದ ಪುಣ್ಯಾತ್ಮ ಆಕಿಗೆ ಒಂದು ಜೊತಿ ಕೊಟ್ಟಿದ್ದ. ಕಿತ್ಕಳಾಕೆ ಇವರು ಯಾರು? ಆಕಿ ಗಂಡ ಸತ್ತಾನೆ, ಆಕಿ ಸತ್ತಿಲ್ಲ.”

ನಾನು ತಿರುಗಿ ನಿಮ್ಮನ್ನೇ ನೋಡಿದೆ. ಸತ್ತವನು ನಿಮ್ಮ ಮಗನೂ ಹೌದಲ್ಲವೇ ಮಾವ? ಅಷ್ಟು ಜನರ ಎದುರು ಆ ಮಾತು ಹೇಳಲು ನಿಮ್ಮೊಳಗೆ ಏನೆಲ್ಲ...

ಮನೆಗೆ ನಡೆದು ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿರಿ. ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಬಗ್ಗಿಕೊಂಡೇ, “ಗೀತಾ, ನಾನು ಹೇಳಿದ್ದು ಆ ನಿರ್ಮಲಾಗೆ ಒಬ್ಬಳಿಗೇ ಅಲ್ಲ” ಎಂದಿರಿ. ನಾನು “ಗೊತ್ತಾಯ್ತು ಮಾವ” ಎಂದೆ. ಅಷ್ಟೇ. ಮತ್ತೆ ಆ ಮಾತನ್ನು ನೀವೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಐದನೇ ಸಂಪುಟ ಅರ್ಧಕ್ಕೆ ಬಂದಿತ್ತು. ಒಂದು ಬೆಳಗ್ಗೆ ನೀವು ಎದೆನೋವೆಂದು ಕೂತವರು ಏಳಲಿಲ್ಲ.

ನೀವು ಹೋದ ಮೇಲಿನ ಚಳಿಗಾಲದಲ್ಲಿ ಸೊರಬದ ಬಸ್ಸಿನಲ್ಲಿ ಪ್ರಕಾಶ್ ಪರಿಚಯವಾದರು. ಉಳವಿ ಕಡೆಯ ದನಗಳಿಗೆ ಮದ್ದು ಕೊಡುವ ಡಾಕ್ಟರು. ಇನ್ನೂ ಮದುವೆಯಾಗಿರಲಿಲ್ಲ. ಒಂದು ದಿನ ಬಸ್ಸಿನಲ್ಲೇ ಮೊಬೈಲ್ ಹಿಡಿದು ಧಾರಾವಾಹಿಯ ಮೊದಲ ಕಂತು ತೋರಿಸಿದೆ. ಸರ್ಪ ಏಳುವ ಮೊದಲೇ ಅವರು ಗೊರಕೆ ಹೊಡೆಯುತ್ತಿದ್ದರು! ನಿಮಗೆ ಖಂಡಿತ ಸಿಟ್ಟು ಬರುತ್ತಿತ್ತು. ಆದರೆ ಎಚ್ಚರವಾದ ಮೇಲೆ ಅವರು ಕೇಳಿದ್ದು ಬೇರೆಯೇ: “ನಿಮ್ಮ ಮಾವನವರು ಇದರಲ್ಲಿ ಏನು ಇಷ್ಟಪಡ್ತಿದ್ರು, ಹೇಳಿ.” ಬಸ್ಸಿನಲ್ಲಿ ದಿನಾ ಅದನ್ನೇ ಹೇಳುತ್ತಾ ಹೋದೆ.

ಮದುವೆಯಾಗೋಣವೇ ಎಂದು ಪ್ರಕಾಶ್ ಕೇಳಿದ್ದನ್ನು ಅತ್ತೆಗೆ ಹೇಳಿದೆ. ಅಂದು ರಾತ್ರಿ ಅವರು ಊಟಕ್ಕೆ ಬರಲಿಲ್ಲ. ನಾನು ಇಲ್ಲಿಗೇ ಬಿಟ್ಟುಬಿಡೋಣ ಎಂದುಕೊಂಡೆ. ಬೆಳಗ್ಗೆ ಎದ್ದರೆ ಅವರು ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಾರೆ. “ನಡಿ, ಆ ಹುಡುಗನ್ನ ನೋಡ್ಕಂಡು ಬರಾಣ.” ದಾರಿಯುದ್ದಕ್ಕೂ ಕಿಟಕಿಯಾಚೆಗೆ ನೋಡುತ್ತಾ ಕೂತಿದ್ದರು. ಸೊರಬ ಬಂದಾಗ ಮಾತ್ರ, “ನೀನು ಆ ರಾಣಿ ಮದುವಿ ಓದಿದ ಸಂಜಿ ನಿನಗೂ ಹಂಗೇ ಮಾಡಾಣ ಅಂತ ನಿಮ್ಮ ಮಾವ ನನ್ನ ಜೊತಿ ಬೆಳತನಕ ಜಗಳ ಆಡಿದ್ರು. ನಾನೇ ಒಪ್ಪಿರಲಿಲ್ಲ” ಎಂದರು. ಕಣ್ಣೊರೆಸಿಕೊಂಡರು. ನಾನು ಅವರ ಕೈ ಹಿಡಿದುಕೊಂಡೆ.

ಈ ಸೋಮವಾರ ಸೊರಬದಲ್ಲಿ ನಮ್ಮ ಮದುವೆ ರಿಜಿಸ್ಟರ್ ಆಯಿತು ಮಾವ. ಊಟ ಪ್ರಕಾಶ್ ಮನೆಯಲ್ಲಿ. ಇಮ್ರಾನ್ ಬಂದಿದ್ದ, ಶಿವಕುಮಾರ್ ಕೂಡ ಬಂದು ಹೋಳಿಗೆ ಉಂಡು ಹೋದರು. ಅತ್ತೆ ಸಾಕ್ಷಿಯಾಗಿ ಸಹಿ ಹಾಕಲು ಮುಂದೆ ಬಂದಾಗ ಗುಮಾಸ್ತರು ಕೇಳಿದರು, “ನೀವೇನಾಗ್ಬೇಕಮ್ಮ?”

“ಅತ್ತೆ.”

“ಹಂಗಾದ್ರೆ ಹುಡುಗನ ತಾಯಿ.”

“ಅಲ್ಲ. ಹುಡುಗಿ ಅತ್ತೆ.”

ಗುಮಾಸ್ತರು ಪೆನ್ನು ಹಿಡಿದು ಒಮ್ಮೆ ನನ್ನ, ಒಮ್ಮೆ ಪ್ರಕಾಶ್ ಮುಖ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು ಮೇಜಿನ ಮೇಲೆ ಬೆರಳಿಟ್ಟು ಹೇಳಿದರು:

“ಯಾಕ್ರೀ ನೋಡ್ತೀರಿ? ಹಂಗೇ ಬರ್ಕಳ್ರಿ.”

ಬರೆದುಕೊಂಡರು.

ನಿಮ್ಮ ಸೊಸೆ,
ಗೀತಾ