ಏಳು ಪಾಲು ಗಾಳಿ

ಕುಣಿಗಲ್
೧೦ ಡಿಸೆಂಬರ್ ೨೦೨೪

ಮುದ್ದು ಮುಬೀನಾ,

ಮೊಣಕಾಲು ನೋವು ಹೇಗಿದೆ? ನಿನ್ನೆ ನಿನ್ನನ್ನು ತುಮಕೂರಿನ ಬಸ್ಸು ಹತ್ತಿಸಿ ಹೊಲಿಗೆ ಅಂಗಡಿಗೆ ಬಂದು ಕೂತೆ. ಮಳಿಗೆಯ ಕೊನೆಯ ಪಾಲೂ ನನ್ನ ಹೆಸರಿಗಾಯಿತು. ಹಿಗ್ಗಬೇಕಿತ್ತು, ಕತ್ತರಿ ಹಿಡಿಯಲೂ ಮನಸ್ಸಾಗಲಿಲ್ಲ.

ಒಂಬತ್ತು ವರ್ಷದ ಹಿಂದೆ ಕಟ್ಟಿಕೊಂಡ ಅಶ್ವಥ್ ನನ್ನನ್ನು ಬಿಟ್ಟುಹೋದಾಗಲೇ ಮಾಲೀಕರು ಮಳಿಗೆ ಮಾರಲು ಹೊರಟಿದ್ದರು. ಬಡ್ಡಿಗಾದರೂ ಸರಿ, ಸಾಲ ಕೊಡು ಎಂದು ನಿನ್ನ ಕೈ ಹಿಡಿದುಕೊಂಡೆ. ನಿನ್ನ ಹತ್ತಿರ ಇದ್ದದ್ದೇ ತೀರಿಹೋದ ನಿನ್ನ ಯಜಮಾನರು ಬಿಟ್ಟ ಗಂಟು.

“ಬಡ್ಡಿ ನಮ್ಮಲ್ಲಿ ಹರಾಮ್ ಕಣೇ. ಸಾಲ ಬ್ಯಾಡ, ಇಬ್ರೂ ಸೇರಿ ತಗಳಾಣ. ಹತ್ತರಲ್ಲಿ ಒಂದು ಪಾಲು ನಿಂದು, ಒಂಬತ್ತು ನಂದು. ನನ್ನ ಪಾಲಿಗೆ ಬಾಡಿಗೆ ಕೊಡು, ವರ್ಷಕ್ಕೊಂದು ಪಾಲು ಕೊಂಡ್ಕೊ” ಅಂದೆ ನೀನು. ಇದಕ್ಕೆ ಮುಶಾರಕಾ ಅಂತಾರೆ, ದುಬೈನಲ್ಲಿ ನಿನ್ನ ತಮ್ಮ ಬ್ಯಾಂಕಿನ ಜೊತೆ ಹೀಗೇ ಮನೆ ಕೊಂಡಿದ್ದಾನೆ ಎಂದೂ ಹೇಳಿದೆ. ನಮ್ಮತ್ತಿಗೆ ಮಂಜುಳಮ್ಮ, “ಬಡ್ಡಿಗೇ ಬಾಡಿಗೆ ಅಂತ ಹೆಸರಿಟ್ಟವ್ಳೆ ಬುಡು” ಎಂದು ನಕ್ಕಳು. ನನಗೂ ಹಾಗೇ ಅನಿಸಿತ್ತು.

ನಿನ್ನ ಪಾಲು ಏಳಕ್ಕಿಳಿದ ವರ್ಷ ಬಿರುಗಾಳಿಗೆ ಮಳಿಗೆಯ ಶೀಟುಗಳು ಹಾರಿಹೋದವು. ನೀನು ಓಡಿಬಂದೆ. ಬಾಡಿಗೆ ತಡವಾಗುತ್ತದೆ ಎಂದು ನಾನು ತೊದಲುತ್ತಿದ್ದರೆ ನೀನು ತಲೆಯೆತ್ತಿ ಆಕಾಶ ನೋಡಿದೆ. “ಮುಚ್ಚಿರೋ ಮಳಿಗೆಗೆ ಎಂಥ ಬಾಡಿಗೆ? ಏಳು ಪಾಲು ನಂದು ಅಂದ್ಮೇಲೆ ಏಳು ಪಾಲು ಗಾಳಿನೂ ನಂದೇ ಕಣೇ.” ರಿಪೇರಿ ಖರ್ಚಿನಲ್ಲೂ ಏಳು ಪಾಲು ನೀನೇ ಹೊತ್ತೆ. ಅವತ್ತು ನಿನಗೆ ಕಾಫಿ ತಂದುಕೊಟ್ಟವಳು ಮಂಜುಳಮ್ಮ.

ಬಾಡಿಗೆಯನ್ನು ಫೋನಿನಲ್ಲೇ ಹಾಕಬಹುದಿತ್ತು. ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತಿಂಗಳಿಗೊಮ್ಮೆ ನೀನು ಬರುತ್ತಿದ್ದೆ, ಒಟ್ಟಿಗೆ ಉಣ್ಣುತ್ತಿದ್ದೆವು. ನಿನ್ನೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲಿಳಿಯುವಾಗ, “ಇನ್ನು ಮಗ ಬಸ್ ಹತ್ತಕ್ಕೆ ಬುಡಲ್ಲ” ಎಂದು ನೀನು ಮೆಲ್ಲಗೆ ಹೇಳಿದೆ.

ಕೇಳಿಲ್ಲಿ. ಅಡವಿಯಪ್ಪನವರು ಪಕ್ಕದ ಮಳಿಗೆ ಮಾರುತ್ತಾರಂತೆ. ಹೊಲಿಗೆ ಕಲಿಯುತ್ತೇವೆಂದು ಹುಡುಗಿಯರು ಬರುತ್ತಿದ್ದಾರೆ, ನನಗೆ ಜಾಗ ಸಾಲದು. ಒಬ್ಬಳ ಕೈಲಾಗುವ ಮಾತಲ್ಲ. ಅರ್ಧ ನಿನ್ನದು, ಅರ್ಧ ನನ್ನದು. ಲಾಭವೋ ನಷ್ಟವೋ ಪಾಲಿನಂತೆ. ವ್ಯವಹಾರ ಎಂದರೆ ನಿನ್ನ ಮಗನೂ ಬೇಡವೆನ್ನಲಾರ. ಅವರೆಕಾಯಿ ಮುಗಿಯುವುದರೊಳಗೆ ಬಂದು ಜಾಗ ನೋಡು.

ಇಂತಿ ನಿನ್ನ ಪಾಲುದಾರಳು,
ಶಶಿಕಲಾ

ತಾ.ಕ.: ಪಾಲು ಕೇಳುವಾಗ ಸುಳ್ಳು ಹೇಳಬಾರದು ಎಂದು ಕಲಿಸಿದವಳು ನೀನೇ. ಆ ಮಳಿಗೆ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರವೇ ಇದೆ. ಈ ಸಾಲನ್ನು ಮಾತ್ರ ನಿನ್ನ ಮಗನಿಗೆ ಓದಿ ಹೇಳಬೇಡ.