ಬ್ರಾಂಚಿನಿಂದ ಎಡಕ್ಕೆ

ಅಕ್ಟೋಬರ್ 6, ಬೆಳಿಗ್ಗೆ

‘ದಾರಿ ಹೇಳುವವರಿರುವ ಊರಿಗೆ ನಕ್ಷೆ ಬೇಡ...’ ಎಲ್ಲಿ ಓದಿದ್ದು? ಮುಂದಿನ ಸಾಲು ನೆನಪಿಲ್ಲ. ನಿಜವೇ ಅದು? ಈಗ ಬೇಕಂತೆ. ನಮ್ಮ ಬಡಾವಣೆಯ ಬಾಯಲ್ಲೇ ದೊಡ್ಡ ಬೋರ್ಡು, ಅದರಲ್ಲಿ ಸ್ಥಳ ಪರಿಚಯ. ನಿವಾಸಿಗಳ ಸಂಘದ ಅಧ್ಯಕ್ಷ ಉಜ್ವಲ್ ನನಗೇ ಒಪ್ಪಿಸಿದರು — ಶಾಲೆಯ ಟೀಚರ್, ಕನ್ನಡ ಎಂ.ಎ. ಅಲ್ಲವೇ.

ಬರೆದೆ. ಬಂಟ್ವಾಳ ಪೇಟೆ ಎಷ್ಟು ದೂರ, ನದಿ ಎಲ್ಲಿಂದ ಕಾಣುತ್ತದೆ, ಮಸೀದಿ, ಭಜನಾ ಮಂದಿರ. ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ ಬೀಡಿ ಬ್ರಾಂಚ್. ಅಮ್ಮ ತಾನು ಕಟ್ಟಿದ ಬೀಡಿಯನ್ನು ಕಂಪನಿಗೆ ಕೊಟ್ಟು, ಎಲೆ-ಹೊಗೆಸೊಪ್ಪು ತರುತ್ತಿದ್ದ ಜಾಗ. ನನ್ನ ಎಂ.ಎ. ಬಂದದ್ದೂ ಅಲ್ಲಿಯ ದುಡ್ಡಿನಿಂದಲೇ.

ಪಕ್ಕದ ಮನೆಯ ಖದೀಜಕ್ಕನಿಗೆ ಓದಿ ಹೇಳಿದೆ. ಅಮ್ಮನ ಜೊತೆಗಾತಿ, ಅಕ್ಷರ ಬಾರದು, ಬೀಡಿ ಇಂದಿಗೂ ಕಟ್ಟುತ್ತಾರೆ.

“ನಮ್ಮ ಬ್ರಾಂಚು ಬೋರ್ಡಿಗಾ! ನಿನ್ನಮ್ಮ ಇದ್ದಿದ್ರೆ ಒಳ್ಳೇ ಸೀರೆ ಉಟ್ಟು ನೋಡ್ಲಿಕ್ಕೆ ಹೋಗ್ತಿದ್ಳು.”

ಅಕ್ಟೋಬರ್ 9

ಉಜ್ವಲ್ ಫೋನು. “ಟೀಚರೇ, ಎಲ್ಲ ಚಂದ ಉಂಟು. ಆ ಬ್ರಾಂಚ್ ಒಂದು ಬೇಡ ಮಾರಾಯ್ರೆ. ಫ್ಲ್ಯಾಟ್ ನೋಡ್ಲಿಕ್ಕೆ ಬರುವವರು ಏನು ಗ್ರಹಿಸ್ತಾರೆ?”

“ನಿಮ್ಮ ಮನೆಗೆ ದಾರಿ ಹೇಗೆ ಹೇಳ್ತೀರಿ?”

“ಬ್ರಾಂಚಿಂದ ಎಡಕ್ಕೆ...” ನಕ್ಕರು. “ಬಾಯಲ್ಲಿ ಹೇಳುದು ಬೇರೆ, ಬರೆಯುದು ಬೇರೆ ಅಲ್ವಾ?”

ಮೈಯೆಲ್ಲ ಉರಿಯಿತು. ಆದರೂ ನನ್ನ ಬಾಯಿಂದ ಬಂದದ್ದು — “ಆಯ್ತು.”

ಅಕ್ಟೋಬರ್ 10

ಯಾಕೆ ಆಯ್ತು? ಯಾರ ಮರ್ಯಾದೆಗೆ ಆಯ್ತು? ಕವಿತೆ ಪುಸ್ತಕ ತೆರೆದೆ, ಮುಚ್ಚಿದೆ. ಬೀಡಿ ಮೊರದ ಮುಂದೆ ಬಗ್ಗಿ ಬಗ್ಗಿ ಅಮ್ಮನ ಬೆನ್ನು ಗೂನಾದದ್ದು ನಾನು ಇಷ್ಟು ನಯವಾಗಿ ‘ಆಯ್ತು’ ಎನ್ನಲೆಂದೇ?

ಅಕ್ಟೋಬರ್ 27

ಬೋರ್ಡು ಎದ್ದಿದೆ. ಮೊದಲ ಸಾಲು: ಕ್ಲಬ್ ಹೌಸ್. ಇನ್ನೂ ಅಡಿಪಾಯವೇ ಆಗದ ಕ್ಲಬ್ ಹೌಸ್! ಕೆಳಗೆ ನನ್ನ ಹೆಸರು — ‘ಬರಹ: ತೃಪ್ತಿ, ಎಂ.ಎ.’

ಉಜ್ವಲ್ ಮನೆಗೇ ಹೋದೆ. ಒಂದೋ ಬ್ರಾಂಚ್ ಸೇರಿಸಿ, ಇಲ್ಲವೇ ನನ್ನ ಹೆಸರು ಅಳಿಸಿ ಎಂದೆ. ದನಿ ಏರಿತು.

“ಒಪ್ಪಿದ್ದು ನೀವೇ ಅಲ್ವಾ ಟೀಚರೇ?”

ಗೇಟು ಬಡಿದು ಹಿಂದೆ ಬಂದೆ. ಅವರಿಗಿಂತ ನನ್ನ ಮೇಲೇ ಸಿಟ್ಟು ಹೆಚ್ಚು.

ಅಕ್ಟೋಬರ್ 28, ಸಂಜೆ

ಬ್ರಾಂಚ್ ತೆಗೆದದ್ದನ್ನು ಖದೀಜಕ್ಕನಿಗೆ ನಾನೇ ಹೋಗಿ ಹೇಳಬೇಕು ಎಂದು ಚಪ್ಪಲಿ ಹಾಕುತ್ತಿದ್ದೆ. ಬಾಗಿಲಲ್ಲಿ ಅವರೇ. ಹಬ್ಬದ ಸೀರೆ.

“ಬೋರ್ಡು ನೋಡಿ ಬಂದೆ ತೃಪ್ತಿ. ಮೊದಲ ಸಾಲಲ್ಲೇ ನಮ್ಮ ಬ್ರಾಂಚು ಅಂತ ಹೇಳಿದ್ದಿಯಲ್ಲ, ಅದನ್ನು ಕೈಯಲ್ಲಿ ಮುಟ್ಟಿ ನೋಡಿದೆ. ಚಂದ ಉಂಟು...”