ಷೋಕೇಸಿನ ಕಮಾನು

೨೮ ಸೆಪ್ಟೆಂಬರ್ ೧೯೩೬
ಮತ್ತೆ ದುರ್ಗದ ಬೈಲು, ಗುರುಸಿದ್ದಯ್ಯನವರ ಅರಿವೆ ಅಂಗಡಿ. ಬ್ರಿಟಿಷ್ ರಾಣಿ ಕಾಲದ ಕಟ್ಟಡ. ಮೇಲೆ ಬೀಡುಕಬ್ಬಿಣದ ಸರಳಿನ ಕಠಾಂಜನ, ಬಣ್ಣದ ಗಾಜಿನ ಕಿಟಕಿ. ಕೆಳಗೆ ಎರಡು ಕಲ್ಲಿನ ಕಮಾನು—ನಲವತ್ತು ವರ್ಷದ ಹಿಂದೆ ನನ್ನ ತಂದೆ, ಅಬ್ಬಾ, ಕಟ್ಟಿದ್ದು. ಈಗ ಷೋಕೇಸಿಗಾಗಿ ನಡುಕಂಬ ತೆಗೆದು, ಎರಡೂ ಸೇರಿಸಿ ಅಗಲವಾದ ಒಂದೇ ಕಮಾನು. ಕಮಾನಿನ ನೆತ್ತಿಯ ನಡುಗಲ್ಲು ಇವತ್ತು ಕೂತಿತು. ಅಬ್ಬಾ ತಮ್ಮ ಕೈಯಿಂದಲೇ ಕೂರಿಸಿದರು. ಕಣ್ಣಲ್ಲಿ ಪೊರೆ, ಎಲ್ಲ ತಡವಿ ತಡವಿ.
"ಗಚ್ಚು ಗಟ್ಟಿ ಆಗಾಕ ನಲವತ್ತ ದಿನ ಬೇಕು. ಅಲ್ಲೀಮಟ ಕಮಾನ ಹೊತ್ತ ಕಟ್ಟಿಗಿ ಆಸರಕ್ಕ ಕೈ ಹಚ್ಚಬ್ಯಾಡ" ಅಂದರು.

೯ ಅಕ್ಟೋಬರ್
ಅಬ್ಬಾಗೆ ಚಳಿಜ್ವರ. ಕ್ವಿನೈನ್ ನಡೆದಿದೆ. ವಾರ, ತಿಥಿ ಯಾವುದರ ಖಬರೂ ಇಲ್ಲ ಅವರಿಗೆ.
ಗುರುಸಿದ್ದಯ್ಯನವರದು ಒಂದೇ ರಾಗ. "ದಸರಾಕ್ಕ ಅಂಗಡಿ ತೆರೀಬೇಕ್ರಿ ಮೇಸ್ತ್ರಿ. ಸಿಮೆಂಟಾದ್ರ ಹದಿನೈದ ದಿನಕ್ಕ ಆಸರ ಬಿಚ್ಚತಾರಂತ. ಆಗೂದಿಲ್ಲಂದ್ರ ಹೇಳ್ರಿ, ಬ್ಯಾರೇದವರನ್ನ ಕರಸ್ತೇನಿ."
ಆಗುತ್ತದೆ ಅಂದೆ. ನಮ್ಮದು ಸುಣ್ಣದ ಗಚ್ಚು. ಗೊತ್ತಿದ್ದೂ ಅಂದೆ...

೧೯ ಅಕ್ಟೋಬರ್
ಜ್ವರ ಇಳಿದಿದೆ. ಅಬ್ಬಾ ಎದ್ದು ಕೂತು ಕೇಳಿದರು. "ಎಷ್ಟ ದಿನ ಆತು?"
"ನಲವತ್ತ ತುಂಬಿದುವು ಅಬ್ಬಾ. ನಾಳೆ ಬಿಚ್ಚತೇವಿ."
"ಹಂಗಾರ ನಾನೂ ಬರತೇನಿ. ನಡುಗಲ್ಲ ಇಟ್ಟಾವ ಕೆಳಗ ನಿಲ್ಲಬೇಕು."
ನಮ್ಮ ಮನೆತನದ ವಾಡಿಕೆ. ಆಸರೆ ಬಿಚ್ಚುವಾಗ ಕಲ್ಲಿಟ್ಟವನು ಕಮಾನಿನ ಕೆಳಗೆ ನಿಲ್ಲಬೇಕು. ನನಗೆ ನೆನಪೇ ಇರಲಿಲ್ಲ. ಬೇಡ ಅಂದರೆ ಸುಳ್ಳು ಬಯಲಾಗುತ್ತದೆ. ಏನೂ ಆಗಲಿಕ್ಕಿಲ್ಲ. ಆಗಲಿಕ್ಕಿಲ್ಲ.

೨೩ ಅಕ್ಟೋಬರ್
ಬರೆಯಲು ಕೈ ಬರುತ್ತಿಲ್ಲ. ಇಪ್ಪತ್ತೆರಡನೇ ದಿನಕ್ಕೆ ಬಿಚ್ಚಿದೆ. ಆಸರೆಯ ಕೊನೆಯ ಬೆಣೆ ಹೊಡೆದು ತೆಗೆದವನೂ ನಾನೇ. ಅಬ್ಬಾ ಕೆಳಗೆ ನಗುತ್ತ ನಿಂತಿದ್ದರು. ಇಡೀ ಕಮಾನು ಕುಸಿಯಿತು. ಅಬ್ಬಾರ ಎರಡೂ ಕಾಲು ಜಜ್ಜಿಹೋಗಿವೆ. ಡಾಕ್ಟರು ಆಸೆ ಇಟ್ಟುಕೊಳ್ಳಬೇಡ ಅಂದರು.
ನೋಡಲು ಬಂದವರಿಗೆಲ್ಲ ಅಬ್ಬಾ ಹೇಳುವುದು ಒಂದೇ. "ನನ್ನ ಕೈ ತಪ್ಪೈತ್ರಿ. ಕಣ್ಣಿಲ್ಲದಾವ ಕಲ್ಲ ಇಡಬಾರದಿತ್ತು. ನನ್ನ ಮಗ ಮಲ್ಲಿಕಂದ ಏನೂ ತಪ್ಪಿಲ್ಲ."
ಮಗ್ಗುಲಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನನ್ನಂಥ ಪಾಪಿ ಇನ್ನೊಬ್ಬನಿಲ್ಲ.

೨೬ ಅಕ್ಟೋಬರ್, ಮಧ್ಯಾಹ್ನ
ಬಿದ್ದ ಕಮಾನಿನ ಗಚ್ಚು ತಾ ಅಂದಿದ್ದರು ಅಬ್ಬಾ. ಎಲ್ಲಿ ತಪ್ಪಿದೆನೋ ನೋಡತೇನಿ ಅಂತ. ಒಂದು ಹೆಂಟೆ ತಂದು ಕೈಗೆ ಕೊಟ್ಟೆ. ಬೆರಳಲ್ಲಿ ಹಿಚುಕಿದರು. ಒಳಗೆ ಇನ್ನೂ ಹಸಿ. ನಲವತ್ತು ತುಂಬಿರಲಿಲ್ಲ ಅಂತ ಗೊತ್ತಾಗಿಹೋಯಿತು ಅವರಿಗೆ.
"ಇದನ್ನ ಹೊರಗ ಚೆಲ್ಲಿ ಬಾ. ಯಾರ ಮುಂದೂ ಹೇಳಬ್ಯಾಡ ಮಲ್ಲಿಕ. ನಿನಗ ಮುಂದ ಕೆಲಸ ಸಿಗಬೇಕಲ್ಲ" ಅಂದರು.
ಬೈಯಲಿಲ್ಲ. ಒಂದು ಮಾತು ಬೈದಿದ್ದರೆ—